ಗುಡ್ಡದ ಬುಡ ಮತ್ತು ಯಂತ್ರದ ತೋಳು

(ಬೆಳ್ತಂಗಡಿ ತಾಲೂಕಿನ ಹಳ್ಳಿಯೊಂದರಲ್ಲಿ, ಪತ್ತನಾಜೆಗೆ ಮುನ್ನ, ಕೃಷಿಕರು ಹಾಗೂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಕಾಡು, ನದಿ, ಘಟ್ಟಗಳ ಬಗ್ಗೆ ಮಾತು ನಡೆಯುವ ಈ ಅಂಗಳದಲ್ಲಿ ಇಂದು ಒಂದು ಯಂತ್ರದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಸಣ್ಣ ಟ್ರ್ಯಾಕ್ಟರಿನ ಹಿಂಬದಿಗೆ ಜೋಡಿಸುವ ಅಗೆಯುವ ತೋಳು, ಅಂದರೆ ಬ್ಯಾಕ್‌ಹೋ. ನಮ್ಮೂರಿನಲ್ಲಿ ಇದನ್ನು ‘ಸಣ್ಣ ಜೆಸಿಬಿ’ ಎನ್ನುತ್ತಾರೆ. ಜೆಸಿಬಿ ಎಂಬುದು ಇಂಗ್ಲೆಂಡಿನ ಒಂದು ಕಂಪೆನಿಯ ಹೆಸರು. 1979ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಇಂದು ಯಾವ ಕಂಪೆನಿಯ ಯಂತ್ರ ಮಣ್ಣು ಅಗೆದರೂ ನಮಗೆ ಅದು ಜೆಸಿಬಿಯೇ. ಒಂದು ಹೆಸರು ಹೀಗೆ ಮನೆಮಾತಾಗಬೇಕಾದರೆ ಅದು ನಮ್ಮ ನೆಲವನ್ನು ಎಷ್ಟು ಅಗೆದಿರಬೇಕು ಎಂಬುದನ್ನು ಊಹಿಸಿಕೊಳ್ಳಿ.

ಯಂತ್ರ ಬೇಡ ಎಂದು ಹೇಳಲು ನಾನು ಬಂದಿಲ್ಲ. ನನ್ನ ಬಳಿ ಅದು ಇದೆ. ಹನ್ನೆರಡು ಆಳು ಒಂದು ವಾರ ಮಾಡುತ್ತಿದ್ದ ಕಣಿ ಬಿಡಿಸುವ ಕೆಲಸವನ್ನು ನಾನೊಬ್ಬನೇ ಎರಡು ದಿನಗಳಲ್ಲಿ ಮುಗಿಸುತ್ತೇನೆ. ಇಂದು ಆ ಹನ್ನೆರಡು ಆಳು ಊರಿನಲ್ಲಿ ಇಲ್ಲ. ಇರುವ ಪ್ರಶ್ನೆ ಒಂದೇ: ಈ ತೋಳನ್ನು ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದು, ಮತ್ತು ಅದನ್ನು ಹೇಗೆ ಇಟ್ಟುಕೊಳ್ಳಬೇಕು. ಈ ಮೂರೂ ಬೇರೆ ಬೇರೆ ವಿಷಯಗಳಂತೆ ಕಂಡರೂ ಗುಡ್ಡದ ಮೇಲೆ ಅವು ಒಂದೇ ಆಗುತ್ತವೆ.

ಮೊದಲಿಗೆ ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಅಡಿಕೆ ಒಣಗಿಸಲು ಅಂಗಳ ಸಾಲದು ಎನಿಸಿತು. ಮನೆಯ ಹಿಂದಿನ ಧರೆಯನ್ನು ಇನ್ನು ಆರು ಅಡಿ ಹಿಂದಕ್ಕೆ ಸರಿಸಿದರೆ ಸಾಕು ಎಂದುಕೊಂಡೆ. ಎರಡು ಮಧ್ಯಾಹ್ನದ ಕೆಲಸ. ಧರೆ ಗೋಡೆಯಂತೆ ನೆಟ್ಟಗೆ ನಿಂತಿತು. ಬಕೆಟ್ಟಿನ ಹಲ್ಲಿನ ಗೆರೆಗಳು ಬಾಚಣಿಗೆ ಎಳೆದಂತೆ ಕಾಣುತ್ತಿದ್ದವು. ಬಂದವರೆಲ್ಲ ಹೊಗಳಿದರು. ಆ ವರ್ಷ ಆಟಿಯ ಒಂದು ರಾತ್ರಿ, ಸತತ ಮೂರು ದಿನಗಳ ಮಳೆಯ ಬಳಿಕ, ಆ ಧರೆ ಜರಿಯಿತು. ಮನೆಗೆ ಮುಟ್ಟಲಿಲ್ಲ, ಹಟ್ಟಿಯ ಅರ್ಧ ಭಾಗ ಮಣ್ಣಿನೊಳಗೆ ಸೇರಿತು. ಗಬ್ಬದ ಹಸುವೊಂದು ಸತ್ತಿತು. ಹಟ್ಟಿ ಇದ್ದ ಜಾಗದಲ್ಲಿಯೇ ಮೊದಲು ಮಕ್ಕಳು ಮಲಗುವ ಕೋಣೆ ಕಟ್ಟಿಸಬೇಕೆಂದು ಯೋಚಿಸಿದ್ದೆವು. ಅಂದಿನಿಂದ ನಾನು ಯಂತ್ರವನ್ನು ಓಡಿಸುವುದಕ್ಕಿಂತ ಹೆಚ್ಚು ಹೊತ್ತು ಮಣ್ಣನ್ನು ನೋಡುತ್ತೇನೆ.

ಕೆಂಪುಕಲ್ಲಿನ ಕೆಳಗೆ ಏನಿದೆ?

ಅಂದು ಜರಿದದ್ದು ಮೇಲಿನ ಕೆಂಪುಮಣ್ಣಲ್ಲ. ಈ ಮಾತು ವಿದ್ಯಾರ್ಥಿಗಳಿಗೆ ಮುಖ್ಯ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗುಡ್ಡವೊಂದನ್ನು ಸೀಳಿ ನೋಡಿದರೆ ಸಾಮಾನ್ಯವಾಗಿ ಮೂರು ಪದರಗಳು ಸಿಗುತ್ತವೆ. ಮೇಲೆ ತೆಳುವಾದ ಮೇಲ್ಮಣ್ಣು, ಅದರ ಕೆಳಗೆ ಮುರಕಲ್ಲು. ಮುರಕಲ್ಲಿನ ಅಡಿಯಲ್ಲಿ, ಗಟ್ಟಿ ಬಂಡೆ ಸಿಗುವ ಮೊದಲು, ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಮಣ್ಣು. ನಮ್ಮ ಹಿರಿಯರು ಇದನ್ನು ಶೇಡಿ ಮಣ್ಣು ಎಂದು ಕರೆದರು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಇಂಜಿನಿಯರುಗಳು ಕೂಡ ತಮ್ಮ ಸಂಶೋಧನಾ ಲೇಖನಗಳಲ್ಲಿ ಇದೇ ಹೆಸರನ್ನು ಬಳಸುತ್ತಾರೆ.

ಶೇಡಿಯ ಗುಣ ವಿಚಿತ್ರವಾದುದು. ಬೇಸಗೆಯಲ್ಲಿ ಅದು ಗಟ್ಟಿ. ಬಕೆಟ್ಟಿನಿಂದ ಕಡಿದರೆ ಬೆಣ್ಣೆಯನ್ನು ಕತ್ತರಿಸಿದಂತೆ ನಯವಾಗಿ ಕಡಿಯುತ್ತದೆ, ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದ ಮೇಲೆ ಅದರ ಬಲವೆಲ್ಲ ಹೋಗುತ್ತದೆ, ಗಂಜಿಯಾಗಿ ಹರಿಯುತ್ತದೆ. ನೀರು ಹರಿಯುವ ಕಡೆ ಒಳಗಿನಿಂದಲೇ ಕೊರೆದುಹೋಗುತ್ತದೆ. ಆಗ ಮೇಲಿನ ಮುರಕಲ್ಲು ಅಡಿಪಾಯವಿಲ್ಲದ ಮಾಡಿನಂತೆ ತೂಗಾಡಿ, ಒಮ್ಮೆಗೇ ಕುಸಿಯುತ್ತದೆ. ಮುರಕಲ್ಲಿನ ಹೊದಿಕೆ ಇರುವವರೆಗೆ ಶೇಡಿಗೆ ಮಳೆ ನೇರವಾಗಿ ತಾಗುವುದಿಲ್ಲ. ನಾವು ಗುಡ್ಡದ ಬುಡವನ್ನು ಕಡಿದಾಗ ಮಾಡುವ ಕೆಲಸ ಒಂದೇ ಅಲ್ಲ, ಎರಡು: ಗುಡ್ಡಕ್ಕೆ ಆಸರೆಯಾಗಿದ್ದ ಭಾರವನ್ನು ತೆಗೆಯುತ್ತೇವೆ, ಮುಚ್ಚಿದ್ದ ಶೇಡಿಯನ್ನು ತೆರೆಯುತ್ತೇವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳುಗಳಲ್ಲಿ ಸುರಿಯುವ ನಾಡು ಇದು. ಇಲ್ಲಿ ಎರಡು ತಪ್ಪುಗಳನ್ನು ಒಟ್ಟಿಗೆ ಮಾಡಿದರೆ ಮೂರನೆಯ ಕೆಲಸವನ್ನು ಮಳೆ ಮಾಡುತ್ತದೆ.

2022ರ ಜುಲೈಯಲ್ಲಿ ಬಂಟ್ವಾಳ ತಾಲೂಕಿನ ಪಂಜಿಕಲ್ಲಿನಲ್ಲಿ ಕೇರಳದಿಂದ ದುಡಿಯಲು ಬಂದಿದ್ದ ಕಾರ್ಮಿಕರ ವಸತಿಯ ಮೇಲೆ ಗುಡ್ಡ ಕುಸಿದು ಮೂವರು ಜೀವ ಕಳೆದುಕೊಂಡರು. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆಗಳ ಕಡೆ ಘಟ್ಟದಿಂದ ಇಳಿದ ಕಲ್ಲು, ಮರದ ದಿಮ್ಮಿ, ಕೆಸರುಗಳು ತೋಟಗಳನ್ನು ಹೂತುಹಾಕಿದ್ದನ್ನು ಇಲ್ಲಿರುವ ಹಲವರು ಕಣ್ಣಾರೆ ಕಂಡಿದ್ದೀರಿ. ನಾವು ಪ್ರಾಮಾಣಿಕರಾಗಿರಬೇಕು: ಎಲ್ಲ ಕುಸಿತಕ್ಕೂ ಯಂತ್ರವೇ ಕಾರಣವಲ್ಲ. 2019ರಲ್ಲಿ ಮನುಷ್ಯ ಮುಟ್ಟದ ಕಾಡಿನ ಇಳಿಜಾರುಗಳೂ ಜರಿದವು. ಕೆಲವೇ ಗಂಟೆಗಳಲ್ಲಿ ಸುರಿಯುವ ವಿಪರೀತ ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ 2018ರಲ್ಲಿ ಕೊಡಗು ಕುಸಿದಾಗ ಅಧ್ಯಯನ ಮಾಡಿದ ಭೂವಿಜ್ಞಾನಿಗಳು, ಮನೆಗೂ ರಸ್ತೆಗೂ ಇಳಿಜಾರನ್ನು ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಗುರುತಿಸಿದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕ ಜರಿದದ್ದು ಕೂಡ ಬುಡ ಕಡಿದ ಗುಡ್ಡವೇ. ಮಳೆ ನಮ್ಮ ಕೈಯಲ್ಲಿಲ್ಲ. ಬುಡ ನಮ್ಮ ಕೈಯಲ್ಲಿದೆ.

ಗಂಟೆಯ ಲೆಕ್ಕ ಮತ್ತು ನೆಲದ ಲೆಕ್ಕ

ದೊಡ್ಡ ಯಂತ್ರವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತರುತ್ತೇವೆ. ಯಂತ್ರ ಬಂದು ನಿಂತೊಡನೆ ಮೀಟರ್ ಓಡತೊಡಗುತ್ತದೆ. ಓಡಿಸುವವನು ಎಲ್ಲಿಂದಲೋ ಬಂದ ಹುಡುಗ. ನಮ್ಮ ಗುಡ್ಡದಲ್ಲಿ ಒರತೆ ಎಲ್ಲಿ ಹುಟ್ಟುತ್ತದೆ, ಯಾವ ಮರದ ಬುಡದಲ್ಲಿ ಹಳೆಯ ಸುರಂಗವಿದೆ ಎಂಬುದು ಅವನಿಗೆ ಗೊತ್ತಿಲ್ಲ. ಅವನ ತಪ್ಪಲ್ಲ. ನಾವೂ ಗಡಿಯಾರ ನೋಡುತ್ತಾ, ‘ಬಂದದ್ದು ಬಂದಿದೆ, ಇನ್ನೊಂದಿಷ್ಟು ತೆಗೆಯಿರಿ’ ಎನ್ನುತ್ತೇವೆ. ಬೇಕಾದದ್ದು ನಾಲ್ಕು ಅಡಿ. ಕಡಿದದ್ದು ಎಂಟು ಅಡಿ. ಹೆಚ್ಚಾದ ಮಣ್ಣನ್ನು ತೋಡಿನ ದಂಡೆಗೆ ದೂಡಿ ಯಂತ್ರ ಹೊರಟುಹೋಗುತ್ತದೆ. ಮೊದಲ ಮಳೆಗೆ ಆ ಮಣ್ಣು ತೋಡಿಗೆ, ತೋಡಿನಿಂದ ನೇತ್ರಾವತಿಗೆ ಸೇರುತ್ತದೆ.

ಸಣ್ಣ ಟ್ರ್ಯಾಕ್ಟರಿನ ತೋಳು ಆರೇಳು ಅಡಿಗಿಂತ ಆಳಕ್ಕೆ ಇಳಿಯದು. ಒಂದು ಬಕೆಟ್ಟಿಗೆ ಹಿಡಿಯುವ ಮಣ್ಣೂ ಕಡಿಮೆ. ಇದನ್ನು ಅದರ ಕೊರತೆ ಎಂದು ಮಾರುಕಟ್ಟೆ ಹೇಳುತ್ತದೆ. ಗುಡ್ಡದ ಮೇಲೆ ನನಗೆ ಅದು ಗುಣವಾಗಿ ಕಂಡಿದೆ. ನಿಧಾನವಾಗಿ ಅಗೆಯುವಾಗ ಮಣ್ಣಿನ ಬಣ್ಣ ಬದಲಾದದ್ದು ಕಾಣುತ್ತದೆ. ಬಿಳಿ ಮಣ್ಣು ಬಂದೊಡನೆ ನಿಲ್ಲಿಸಲು ಸಾಧ್ಯವಾಗುತ್ತದೆ. ನಾಲ್ಕಾರು ಮನೆಯವರು ಕೂಡಿ ಒಂದು ಯಂತ್ರವನ್ನು ಇಟ್ಟುಕೊಂಡರೆ ಗಡಿಯಾರದ ಒತ್ತಡವೂ ಇರುವುದಿಲ್ಲ, ಬಂಡವಾಳದ ಭಾರವೂ ಹಂಚಿಹೋಗುತ್ತದೆ.

ಅಡಿಕೆ ತೋಟಕ್ಕೆ ಇದು ಹೇಗೆ ಹೊಂದುತ್ತದೆ ಎಂದು ಹಲವರು ಕೇಳುತ್ತಾರೆ. ವಿಟ್ಲದ ಸಿಪಿಸಿಆರ್‌ಐ ಕೇಂದ್ರದವರು ಶಿಫಾರಸು ಮಾಡುವ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಆ ಲೆಕ್ಕದಲ್ಲಿ ನೆಟ್ಟ ತೋಟದಲ್ಲಿ ನಾಲ್ಕು ಅಡಿ ಅಗಲದ ಟ್ರ್ಯಾಕ್ಟರ್ ಹೋಗಬಲ್ಲದು. ಆದರೆ ತೋಳು ಪೂರ್ತಿ ತಿರುಗಲು ಜಾಗ ಸಾಲದು. ಅಡ್ಡಕ್ಕೆ ತಿರುಗಿಸಿದರೆ ಮರದ ಕಾಂಡಕ್ಕೆ ಬಡಿಯುತ್ತದೆ. ಅಡಿಕೆಯ ಬೇರಿನ ಬಹುಪಾಲು ಬುಡದಿಂದ ಎರಡು ಮೂರು ಅಡಿಗಳೊಳಗೇ ಇರುವುದರಿಂದ ಕಣಿಯನ್ನು ಎರಡು ಸಾಲುಗಳ ನಟ್ಟನಡುವೆಯೇ ತೆಗೆಯಬೇಕು. ಇಕ್ಕಟ್ಟಾದ ಹಳೆಯ ತೋಟಗಳಿಗೆ ಈ ಯಂತ್ರವನ್ನು ನುಗ್ಗಿಸಬೇಡಿ. ಅಲ್ಲಿಗೆ ಹಾರೆ, ಪಿಕ್ಕಾಸುಗಳೇ ಸರಿ.

ಕುಳಿತುಕೊಳ್ಳುವ ಮೊದಲು

ಈಗ ಯಂತ್ರದ ವಿಷಯಕ್ಕೆ ಬರುತ್ತೇನೆ. ಮೊದಲನೆಯದು ಜೋಡಣೆ. ನೇಗಿಲನ್ನು ಕಟ್ಟುವ ಮೂರು ಬಿಂದುಗಳ ಲಿಂಕಿಗೇ ಬ್ಯಾಕ್‌ಹೋವನ್ನು ಸಿಕ್ಕಿಸಿಬಿಡುವ ಕ್ರಮವಿದೆ. ಅಗ್ಗ ಹೌದು, ಸುರಕ್ಷಿತವಲ್ಲ. ನೇಗಿಲು ಹಿಂದಕ್ಕೆ ಎಳೆಯುತ್ತದೆ. ಬ್ಯಾಕ್‌ಹೋ ಮೇಲಕ್ಕೂ ಮುಂದಕ್ಕೂ ತಳ್ಳುತ್ತದೆ. ಮುರಕಲ್ಲಿಗೆ ಬಕೆಟ್ ಸಿಕ್ಕಿಕೊಂಡಾಗ ಲಿಂಕ್ ಮೇಲಕ್ಕೆ ಮಡಚಿ, ಕುಳಿತವನನ್ನು ಟ್ರ್ಯಾಕ್ಟರಿಗೆ ಒತ್ತಿಬಿಡಬಹುದು. ಆ ಒತ್ತಡ ಟ್ರ್ಯಾಕ್ಟರಿನ ಗೇರುಪೆಟ್ಟಿಗೆಯ ಎರಕವನ್ನು ಬಿರುಕುಬಿಡಿಸಿದ ಉದಾಹರಣೆಗಳೂ ಉಂಟು. ಟ್ರ್ಯಾಕ್ಟರಿನ ಹೊಟ್ಟೆಯಡಿಯಲ್ಲಿ ಮುಂಭಾಗದವರೆಗೆ ಹಾದುಹೋಗುವ ಕಬ್ಬಿಣದ ಚೌಕಟ್ಟಿಗೆ ಜೋಡಿಸಿದ ತೋಳನ್ನೇ ಆರಿಸಿಕೊಳ್ಳಿ. ನಿಮ್ಮ ಟ್ರ್ಯಾಕ್ಟರಿನ ತೂಕ ಮತ್ತು ಅಶ್ವಶಕ್ತಿಗೆ ತಯಾರಕರು ಒಪ್ಪಿದ ಅಳತೆಯದನ್ನೇ ಕೊಳ್ಳಿ. ಸಣ್ಣ ಎತ್ತಿಗೆ ದೊಡ್ಡ ನೊಗ ಹೇರಿದರೆ ಎತ್ತೂ ಹೋಗುತ್ತದೆ, ಹೊಲವೂ ಹೋಗುತ್ತದೆ.

ಎರಡನೆಯದು ನಿಲ್ಲಿಸುವ ಕ್ರಮ. ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಅಡ್ಡಕ್ಕೆ ನಿಲ್ಲಿಸಿ ಅಗೆಯಬೇಡಿ. ಮೊದಲು ನಿಲ್ಲಲು ಸಮತಟ್ಟಾದ ಒಂದು ಮೆಟ್ಟಿಲನ್ನು ಮಾಡಿಕೊಳ್ಳಿ. ಬ್ರೇಕ್ ಹಾಕಿ, ಮುಂದಿನ ಲೋಡರ್ ಇದ್ದರೆ ಅದನ್ನು ನೆಲಕ್ಕೆ ಒತ್ತಿ, ಬಳಿಕ ಎರಡೂ ಬದಿಯ ಕಾಲುಗಳನ್ನು ಇಳಿಸಿ. ಒದ್ದೆ ನೆಲದಲ್ಲಿ ಕಾಲಿನ ಅಡಿಗೆ ದಪ್ಪ ಹಲಗೆ ಇರಲಿ. ಇಲ್ಲವಾದರೆ ಕಾಲು ನಿಧಾನವಾಗಿ ಹೂತುಹೋಗಿ ಯಂತ್ರ ನಿಮಗೆ ತಿಳಿಯದಂತೆ ವಾಲುತ್ತದೆ. ಆ ಕಾಲುಗಳ ಬುಡವನ್ನೇ ಅಗೆಯುತ್ತಾ ಹೋಗುವುದು ತಾನು ಕುಳಿತ ಕೊಂಬೆಯನ್ನು ಕಡಿದಂತೆ.

ಮೂರನೆಯದು ತಿರುಗಿಸುವ ಕ್ರಮ. ತುಂಬಿದ ಬಕೆಟ್ಟನ್ನು ತೋಳು ಚಾಚಿದ ಸ್ಥಿತಿಯಲ್ಲಿ ಇಳಿಜಾರಿನ ಕಡೆಗೆ ಎಂದೂ ತಿರುಗಿಸಬೇಡಿ. ಒಂದು ಸಲ ಹಾಗೆ ಮಾಡಿದೆ. ಮಳೆಯಲ್ಲಿ ನೆನೆದ ಮಣ್ಣು; ತೂಕ ಅಂದಾಜಾಗಲಿಲ್ಲ. ಮೇಲ್ಬದಿಯ ಚಕ್ರ ನೆಲ ಬಿಟ್ಟು ಎದ್ದಿತು. ಬಕೆಟ್ಟನ್ನು ಥಟ್ಟನೆ ನೆಲಕ್ಕೆ ಇಳಿಸಿದ್ದರಿಂದ ಉಳಿದುಕೊಂಡೆ. ಗಾಬರಿಯಲ್ಲಿ ಕೆಳಕ್ಕೆ ಹಾರಿದ್ದರೆ ಯಂತ್ರ ನನ್ನ ಮೇಲೆಯೇ ಬೀಳುತ್ತಿತ್ತು. ಮಣ್ಣನ್ನು ಮೇಲ್ಬದಿಗೆ ಸುರಿಯಿರಿ. ತೋಳನ್ನು ಮಡಚಿ, ಬಕೆಟ್ಟನ್ನು ತಗ್ಗಿಸಿ ತಿರುಗಿಸಿ. ತೋಳು ತಿರುಗುವ ವೃತ್ತದೊಳಗೆ ಮಕ್ಕಳು, ನಾಯಿ, ಸಲಹೆ ಕೊಡಲು ಬಂದ ನೆರೆಯವರು, ಯಾರೂ ಇರಬಾರದು. ಸನ್ನೆಗೋಲುಗಳನ್ನು ಆಸನದಲ್ಲಿ ಕುಳಿತೇ ಹಿಡಿಯಬೇಕು, ನೆಲದಲ್ಲಿ ನಿಂತು ಅಲ್ಲ. ತಲೆಯ ಮೇಲಿನ ವಿದ್ಯುತ್ ತಂತಿಯನ್ನು ಪ್ರತಿ ಸಲವೂ ಕಣ್ಣೆತ್ತಿ ನೋಡಿ.

ಅಗೆದ ಹೊಂಡಕ್ಕೆ ಮನುಷ್ಯ ಇಳಿಯುವುದಿದ್ದರೆ ಇನ್ನೊಂದು ಮಾತು. ಐದು ಅಡಿಗಿಂತ ಆಳವಾದ ಕಣಿಗೆ, ಬದಿಗಳಿಗೆ ಹಲಗೆಯ ಆಸರೆ ಕೊಡದೆ, ಯಾರನ್ನೂ ಇಳಿಸಬೇಡಿ. ತೆಗೆದ ಮಣ್ಣು ಅಂಚಿನಿಂದ ಕನಿಷ್ಠ ಎರಡು ಅಡಿ ದೂರವಿರಲಿ. ಪೈಪು ಹಾಕಲು ಇಳಿದವರ ಮೇಲೆ ಮಣ್ಣು ಮುಚ್ಚಿದರೆ ಎದೆಯವರೆಗೆ ಹೂತವನೂ ಉಸಿರಾಡಲಾರ.

ಎಣ್ಣೆ, ಗ್ರೀಸು ಮತ್ತು ನೆಲದ ಮಟ್ಟ

‘ಯಂತ್ರದ ಪಾಲನೆ ಪರಿಸರದ ವಿಷಯವೇ?’ ಎಂದು ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ್ದ. ಒಂದು ಉದಾಹರಣೆ ಕೊಡುತ್ತೇನೆ. ತೋಳಿನ ಗಂಟುಗಳಲ್ಲಿ ಪಿನ್ನು ಮತ್ತು ಬುಷ್‌ಗಳಿರುತ್ತವೆ. ಬುಡದ ಗಂಟಿನಲ್ಲಿ ಒಂದು ಮಿಲಿಮೀಟರ್ ಸಡಿಲವಾದರೆ ಹತ್ತಡಿ ದೂರದ ಬಕೆಟ್ಟಿನ ತುದಿಯಲ್ಲಿ ಅದು ಹಲವು ಪಟ್ಟು ಹೆಚ್ಚಿ ತೂಗಾಡುತ್ತದೆ. ನೀರು ಸರಾಗವಾಗಿ, ಆದರೆ ಮಣ್ಣು ಕೊರೆಯದೆ ಹರಿಯಬೇಕಾದರೆ ಕಣಿಗೆ ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಸಾಕು. ತುದಿ ತೂಗಾಡುವ ತೋಳಿನಿಂದ ಅಷ್ಟು ಸೂಕ್ಷ್ಮವಾದ ಇಳಿಜಾರನ್ನು ತೆಗೆಯಲು ಬರುವುದಿಲ್ಲ. ಕಣಿಯ ತಳದಲ್ಲಿ ತಗ್ಗು ಉಳಿಯುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಶೇಡಿಗೆ ಇಳಿಯುತ್ತದೆ. ಗ್ರೀಸು ಹಾಕದ ಪಿನ್ನಿನಿಂದ ಗುಡ್ಡದ ಬಿರುಕಿನವರೆಗೆ ದಾರಿ ಇರುವುದು ಹೀಗೆ.

ಆದ್ದರಿಂದ ಪ್ರತಿ ಎಂಟು ಹತ್ತು ಗಂಟೆಗಳ ಕೆಲಸಕ್ಕೊಮ್ಮೆ ಎಲ್ಲ ನಿಪ್ಪಲುಗಳಿಗೂ ಗ್ರೀಸು ಹೊಡೆಯಿರಿ. ಕೆಸರಿನಲ್ಲಿ ಕೆಲಸ ಮಾಡಿದರೆ ದಿನಕ್ಕೆ ಎರಡು ಸಲ. ಮುರಕಲ್ಲಿನ ಹುಡಿಯಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದು ಗಂಟಿನೊಳಗೆ ಸೇರಿದರೆ ಅರಗೋಲಿನಂತೆ ಲೋಹವನ್ನು ತಿನ್ನುತ್ತದೆ. ಗ್ರೀಸು ಬರೀ ನುಣುಪಿಗಲ್ಲ, ಆ ಹುಡಿಯನ್ನು ಹೊರಗೆ ದೂಡುವುದಕ್ಕೂ ಹೌದು. ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸತು ಅಂಚಿನಲ್ಲಿ ಕಾಣುವವರೆಗೆ ಹೊಡೆಯಬೇಕು. ವಾರಕ್ಕೊಮ್ಮೆ ಬಕೆಟ್ಟನ್ನು ನೆಲಕ್ಕೆ ತಾಗಿಸಿ, ತೋಳನ್ನು ಮೆಲ್ಲಗೆ ಅಲುಗಿಸಿ, ಯಾವ ಗಂಟು ಟಕ್ ಎನ್ನುತ್ತದೆ ಎಂದು ಕಿವಿಗೊಟ್ಟು ಕೇಳಿ. ಬುಷ್ ಬದಲಾಯಿಸುವುದು ಅಗ್ಗ. ಬುಷ್ ಸವೆದು ತೋಳಿನ ತೂತೇ ಅಗಲವಾದರೆ ವೆಲ್ಡಿಂಗ್, ಲೇತ್ ಎಂದು ಖರ್ಚು ಬೆಳೆಯುತ್ತದೆ. ಬಕೆಟ್ಟಿನ ಹಲ್ಲುಗಳು ಮೊಂಡಾದರೆ ಯಂತ್ರ ಹೆಚ್ಚು ಡೀಸೆಲ್ ಕುಡಿಯುತ್ತದೆ, ಗುಡ್ಡವೂ ಹೆಚ್ಚು ಅದುರುತ್ತದೆ.

ಈ ತೋಳಿಗೆ ಬಲ ಬರುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡದಿಂದ. ಕಾರಿನ ಚಕ್ರದಲ್ಲಿ ಚದರ ಸೆಂಟಿಮೀಟರಿಗೆ ಎರಡು ಕಿಲೋದಷ್ಟು ಒತ್ತಡವಿದ್ದರೆ ಇದರ ಹೋಸ್ ಪೈಪಿನಲ್ಲಿ 150 ಕಿಲೋದ ಆಸುಪಾಸು ಇರುತ್ತದೆ. ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಇರುವೆ ಕಚ್ಚಿದಷ್ಟು ಗಾಯ. ಒಳಗೆ ಮಾಂಸ ಕೊಳೆಯತೊಡಗಿ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾಗಬಹುದು. ಸೋರಿಕೆಯನ್ನು ಎಂದೂ ಕೈಯಿಂದ ತಡವಿ ಹುಡುಕಬೇಡಿ. ರಟ್ಟಿನ ತುಂಡೊಂದನ್ನು ಹಿಡಿದು ನೋಡಿ. ಎಣ್ಣೆ ಚರ್ಮದೊಳಗೆ ಹೋದರೆ ಮನೆಮದ್ದು ಮಾಡದೆ, ಒಂದು ಗಂಟೆಯನ್ನೂ ಕಳೆಯದೆ, ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗೆ ಹೋಗಿ. ಏನಾಯಿತೆಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಪೈಪು ಬಿಚ್ಚುವ ಮೊದಲು ಬಕೆಟ್ಟನ್ನು ನೆಲಕ್ಕೆ ಇಳಿಸಿ, ಇಂಜಿನ್ ನಿಲ್ಲಿಸಿ, ಸನ್ನೆಗೋಲುಗಳನ್ನು ಹಿಂದೆ ಮುಂದೆ ಆಡಿಸಿ ಒಳಗೆ ಉಳಿದ ಒತ್ತಡವನ್ನು ಕಳೆಯಿರಿ.

ಎಣ್ಣೆಯ ಮಟ್ಟವನ್ನು ಕೈಪಿಡಿ ಹೇಳಿದ ಭಂಗಿಯಲ್ಲಿ ತೋಳನ್ನಿಟ್ಟು ನೋಡಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ನಮ್ಮ ಮಳೆಗಾಲದಲ್ಲಿ ಇದು ಸಾಮಾನ್ಯ ರೋಗ. ಹಾಗೆಯೇ ಓಡಿಸಿದರೆ ಪಂಪು ಹಾಳಾಗುತ್ತದೆ. ಎಣ್ಣೆ ತುಂಬುವ ಮುಚ್ಚಳವನ್ನು ತೆರೆಯುವ ಮುನ್ನ ಸುತ್ತಲಿನ ಮಣ್ಣನ್ನು ಒರೆಸಿ. ಒಂದು ಚಿಟಿಕೆ ಹುಡಿ ಸಿಲಿಂಡರಿನ ಸೀಲುಗಳನ್ನು ಕೆಡಿಸಬಲ್ಲದು. ಮಳೆಗಾಲದಲ್ಲಿ ಯಂತ್ರವನ್ನು ಮಾಡಿನಡಿಯಲ್ಲಿ, ಸಿಲಿಂಡರಿನ ಹೊಳೆಯುವ ದಂಡಗಳು ಆದಷ್ಟು ಒಳಗೆ ಸೇರುವಂತೆ, ಬಕೆಟ್ಟನ್ನು ನೆಲಕ್ಕೆ ಊರಿ ನಿಲ್ಲಿಸಿ. ಹೊರಗುಳಿದ ದಂಡಕ್ಕೆ ಗ್ರೀಸು ಬಳಿಯಿರಿ. ತುಕ್ಕಿನ ಒಂದು ಚುಕ್ಕೆ ಮುಂದಿನ ವರ್ಷ ಸೀಲನ್ನು ಕತ್ತರಿಸುತ್ತದೆ. ಆ ಸೀಲಿನಿಂದ ಸೋರಿದ ಎಣ್ಣೆ ನಿಮ್ಮ ಬಾವಿಯ ದಾರಿ ಹಿಡಿಯುತ್ತದೆ.

ಬದಲಾಯಿಸಿ ತೆಗೆದ ಹಳೆಯ ಎಣ್ಣೆಯನ್ನು ಏನು ಮಾಡುತ್ತೀರಿ? ಗೆದ್ದಲು ಬಾರದಿರಲೆಂದು ಬೇಲಿಗೂಟಕ್ಕೆ ಬಳಿಯುವವರಿದ್ದಾರೆ, ತೋಡಿನ ಬದಿಗೆ ಚೆಲ್ಲುವವರೂ ಇದ್ದಾರೆ. ಎರಡೂ ಬೇಡ. ಡಬ್ಬದಲ್ಲಿ ತುಂಬಿಟ್ಟು, ಪುನಃ ಸಂಸ್ಕರಿಸುವವರಿಗೆ ತಲುಪಿಸುವ ಗ್ಯಾರೇಜಿಗೆ ಕೊಡಿ. ಯಂತ್ರವನ್ನು ತೋಡಿನಲ್ಲಿ ಇಳಿಸಿ ತೊಳೆಯುವ ಅಭ್ಯಾಸವನ್ನೂ ಬಿಡೋಣ. ನಮ್ಮ ತೋಡಿನ ಕೆಳಗಿನ ಮನೆಯವರು ಅದೇ ನೀರನ್ನು ಕಟ್ಟಕ್ಕೆ ತಿರುಗಿಸಿಕೊಳ್ಳುತ್ತಾರೆ.

ಎಲ್ಲಿ ಅಗೆಯಬೇಕು, ಎಲ್ಲಿ ಕೈ ತಡೆಯಬೇಕು

ಇನ್ನು ಹೇಳುವ ಮಾತು ನಮ್ಮವರಿಗೇ ಸ್ವಲ್ಪ ಕಹಿಯಾಗಬಹುದು. ನಾವು ಹಲವು ವರ್ಷಗಳಿಂದ ‘ಓಡುವ ನೀರನ್ನು ನಡೆಸಿ, ನಡೆಯುವ ನೀರನ್ನು ನಿಲ್ಲಿಸಿ, ನಿಂತ ನೀರನ್ನು ಇಂಗಿಸಿ’ ಎಂದು ಊರೂರು ತಿರುಗಿ ಹೇಳಿದ್ದೇವೆ. ಒಳ್ಳೆಯ ಮಾತು. ಅದನ್ನು ಕೇಳಿ ಯಂತ್ರ ತಂದು ಎಲ್ಲೆಂದರಲ್ಲಿ ಇಂಗುಗುಂಡಿ ತೋಡಿದವರೂ ಇದ್ದಾರೆ. ಮೂಡುಬಿದಿರೆಯ ಕಡೆಯ ಅಗಲವಾದ ಮುರಕಲ್ಲಿನ ಪದವಿನ ಮೇಲೆ, ಅಂಚಿನಿಂದ ಸಾಕಷ್ಟು ದೂರದಲ್ಲಿ ಇಂಗುಗುಂಡಿ ಒಳ್ಳೆಯದು. ಹಳೆಯ ಮದಕಗಳ ಹೂಳು ತೆಗೆಯುವುದು ಇನ್ನೂ ಒಳ್ಳೆಯದು. ನಮ್ಮ ಹಿರಿಯರು ಜಾಗ ನೋಡಿಯೇ ಮದಕ ಕಟ್ಟಿದ್ದರು. ಆದರೆ ಕಡಿದಾದ ಇಳಿಜಾರಿನಲ್ಲಿ, ಮನೆಯ ಹಿಂದಿನ ಧರೆಯ ನೆತ್ತಿಯ ಮೇಲೆ ಸಾಲಾಗಿ ಇಂಗುಗುಂಡಿ ತೋಡಿದರೆ ಆ ನೀರು ಅಂತರ್ಜಲಕ್ಕೆ ಸೇರುವ ಮೊದಲು ಶೇಡಿಯನ್ನು ನೆನೆಸುತ್ತದೆ. ಅಲ್ಲಿ ಮಾಡಬೇಕಾದ ಕೆಲಸ ಇದರ ವಿರುದ್ಧವಾದುದು: ಧರೆಯ ನೆತ್ತಿಗಿಂತ ಮೇಲೆ, ಅಂಚಿನಿಂದ ಕೆಲವು ಅಡಿ ಹಿಂದೆ, ಸಣ್ಣ ಕಣಿಯೊಂದನ್ನು ಅಡ್ಡಲಾಗಿ ತೆಗೆದು, ಅದರ ತಳವನ್ನು ಗಟ್ಟಿಮಾಡಿ, ಮಳೆನೀರನ್ನು ಬದಿಯ ಗಟ್ಟಿ ನೆಲಕ್ಕೆ ಅಥವಾ ತೋಡಿಗೆ ಸುರಕ್ಷಿತವಾಗಿ ಹಾಯಿಸಬೇಕು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪೊಂದು ಸಾಕು. ಒಂದೇ ಗುಡ್ಡದ ಒಂದು ಕಡೆ ನೀರನ್ನು ಇಂಗಿಸುವುದು, ಇನ್ನೊಂದು ಕಡೆ ಹೊರಹಾಕುವುದು: ಎರಡೂ ಸರಿ. ಯಾವುದು ಎಲ್ಲಿ ಎಂಬುದನ್ನು ತಿಳಿಯಲು ಗುಡ್ಡವನ್ನು ಮಳೆಗಾಲದಲ್ಲಿ ನಡೆದು ನೋಡಿರಬೇಕು.

ಧರೆಯನ್ನು ಕಡಿಯಲೇಬೇಕಾದರೆ ನೆಟ್ಟಗೆ ಕಡಿಯಬೇಡಿ. ಮೆಟ್ಟಿಲು ಮೆಟ್ಟಿಲಾಗಿ, ಪ್ರತಿ ಮೆಟ್ಟಿಲೂ ಹಿಂದಕ್ಕೆ ಸರಿದಿರುವಂತೆ ಕಡಿಯಿರಿ. ಬಿಳಿ ಮಣ್ಣು ಕಂಡರೆ ಅಂದೇ ನಿಲ್ಲಿಸಿ. ಮೇಲಿನ ಮರಗಳನ್ನೂ ಪೊದೆಗಳನ್ನೂ ಉಳಿಸಿ. ತೆರೆದ ಮಣ್ಣಿಗೆ ಲಾವಂಚದಂತಹ ಆಳದ ಬೇರಿನ ಹುಲ್ಲನ್ನು ಮೊದಲ ಮಳೆಗೇ ನೆಡಿ. ಕಲ್ಲಿನ ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಹೊರಬರುವ ತೂತುಗಳಿರಲಿ. ಇಲ್ಲವಾದರೆ ಗೋಡೆಯ ಹಿಂದೆ ನಿಂತ ನೀರೇ ಗೋಡೆಯನ್ನು ದೂಡುತ್ತದೆ. ತೆಗೆದ ಮಣ್ಣನ್ನು ತೋಡಿಗೋ ಇಳಿಜಾರಿನ ಅಂಚಿಗೋ ಎಸೆಯಬೇಡಿ. ಹತ್ತು ಅಡಿಗಿಂತ ಎತ್ತರದ ಧರೆಯಾದರೆ, ಅದರ ಮೇಲೋ ಕೆಳಗೋ ಮನೆಯಿದ್ದರೆ, ಬಲ್ಲ ಇಂಜಿನಿಯರರನ್ನು ಕೇಳದೆ ಬಕೆಟ್ ತಾಗಿಸಬೇಡಿ. ಅದು ಸಣ್ಣ ಟ್ರ್ಯಾಕ್ಟರಿನ ಕೆಲಸವಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಅಗೆಯುವ ಕೆಲಸ ಪತ್ತನಾಜೆಯೊಳಗೆ ಮುಗಿಯಲಿ. ಬೇಶ ತಿಂಗಳ ಹತ್ತನೆಯ ದಿನಕ್ಕೆ ಕೋಲ, ಆಟ, ಜಾತ್ರೆಗಳೆಲ್ಲ ನಿಲ್ಲುತ್ತವೆ. ಗೆಜ್ಜೆ ಬಿಚ್ಚುವ ಆ ದಿನವೇ ಬಕೆಟ್ಟನ್ನೂ ಬಿಚ್ಚಿ ಮಾಡಿನಡಿಗೆ ಸೇರಿಸುವ ಕಟ್ಟಳೆಯೊಂದನ್ನು ನಾವು ಮಾಡಿಕೊಳ್ಳಬಾರದೇಕೆ? ಮಳೆ ಹಿಡಿದ ಮೇಲೆ ತೆರೆದ ಹಸಿ ಮಣ್ಣಿಗೆ ಮೈ ಮುಚ್ಚಿಕೊಳ್ಳಲು ಸಮಯವಿರುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ವಿದ್ಯಾರ್ಥಿ ಮಿತ್ರರೇ, ನಿಮ್ಮಿಂದ ಒಂದು ಉಪಕಾರವಾಗಬೇಕು. ಈ ರಜೆಯಲ್ಲಿ ನಿಮ್ಮ ಊರಿನಲ್ಲಿ ಹೊಸದಾಗಿ ಕಡಿದ ಧರೆಗಳು ಎಷ್ಟಿವೆ, ಪ್ರತಿಯೊಂದರ ಎತ್ತರವೆಷ್ಟು, ಬಿಳಿ ಮಣ್ಣು ಕಾಣುತ್ತಿದೆಯೇ, ಕೆಳಗೆ ಮಲಗುವವರು ಯಾರು ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಮಳೆ ಹಿಡಿದ ಮೇಲೆ ಆ ಜಾಗಗಳಿಗೆ ಹಗಲಿನಲ್ಲಿ, ದೂರದಿಂದ, ಮತ್ತೆ ಹೋಗಿ ನೋಡಿ. ಗುಡ್ಡದ ನೆತ್ತಿಯಲ್ಲಿ ಬಿಲ್ಲಿನಾಕಾರದ ಬಿರುಕು, ಇದ್ದಕ್ಕಿದ್ದಂತೆ ವಾಲಿದ ಮರ ಅಥವಾ ಕಂಬ, ಹೊಸದಾಗಿ ಹುಟ್ಟಿದ ಒರತೆ, ತಿಳಿಯಾಗಿದ್ದ ಒರತೆ ಕದಡುವುದು, ಬಾಗಿಲು ಕಿಟಕಿಗಳು ಸಿಕ್ಕಿಹಾಕಿಕೊಳ್ಳುವುದು, ತೋಡಿನ ನೀರು ಏಕಾಏಕಿ ಕಡಿಮೆಯಾಗುವುದು: ಇವುಗಳಲ್ಲಿ ಯಾವುದು ಕಂಡರೂ ಆ ಮನೆಯವರನ್ನು ಅಂದು ರಾತ್ರಿ ಬೇರೆಡೆ ಮಲಗಿಸಿ, ಪಂಚಾಯತಿಗೆ ತಿಳಿಸಿ. ನನ್ನ ಹಟ್ಟಿ ಬೀಳುವ ಎರಡು ದಿನ ಮೊದಲು ಧರೆಯ ಬುಡದಲ್ಲಿ ಬೆಳ್ಳಗಿನ ನೀರು ಒಸರುತ್ತಿತ್ತು. ನೋಡಿದ್ದೆ. ಅರ್ಥವಾಗಿರಲಿಲ್ಲ.

ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಬೋಳು ಗುಡ್ಡದಲ್ಲಿ, ಬರಿಗೈಯಲ್ಲಿ ಪಿಕ್ಕಾಸು ಹಿಡಿದು, ಒಬ್ಬರೇ ಸುರಂಗ ಕೊರೆದು, ಹಲವು ಸಲ ಸೋತು, ಕೊನೆಗೆ ನೀರು ಕಂಡವರು. 2022ರಲ್ಲಿ ದೇಶ ಅವರಿಗೆ ಪದ್ಮಶ್ರೀ ಕೊಟ್ಟಿತು. ಸುರಂಗ ಕೊರೆಯುವವರು ಪ್ರತಿ ಅಡಿಗೂ ಮಣ್ಣನ್ನು ಕೈಯಲ್ಲಿ ಹಿಡಿದು, ತೇವ ನೋಡಿ, ಮುಂದೆ ಹೋಗಬೇಕೇ ತಿರುಗಬೇಕೇ ಎಂದು ತೀರ್ಮಾನಿಸುತ್ತಾರೆ. ಆ ತೇವ ನೋಡುವ ಅಭ್ಯಾಸವನ್ನು ನಾವು ಯಂತ್ರದ ಆಸನದ ಮೇಲೂ ಬಿಡಬಾರದು. ಪ್ರತಿ ಹತ್ತು ಬಕೆಟ್ಟಿಗೊಮ್ಮೆ ಇಂಜಿನ್ ನಿಲ್ಲಿಸಿ, ಕೆಳಗಿಳಿದು, ಒಂದು ಹಿಡಿ ಮಣ್ಣನ್ನು ಕೈಗೆತ್ತಿಕೊಂಡು ನೋಡಿ. ನನಗೆ ಇದನ್ನು ಒಂದು ಹಸು ಸತ್ತ ಮೇಲೆ ಕಲಿಯಬೇಕಾಯಿತು.

ಇಂದು ಮಧ್ಯಾಹ್ನ ಊಟದ ಬಳಿಕ ಯಂತ್ರವನ್ನು ಹೊರಗೆ ತರುತ್ತೇನೆ. ಗ್ರೀಸ್ ಗನ್ನು ಎರಡಿವೆ. ಆಸಕ್ತರು ಕೈ ಕೊಳೆ ಮಾಡಿಕೊಳ್ಳಲು ಸಿದ್ಧರಾಗಿ ಬನ್ನಿ.